ಎಡಗೆನ್ನೆಯ ಕಪ್ಪು

ಮಕ್ಕಳೆಲ್ಲ ಮೆಟ್ಟಿಲಿಳಿದು ಹೋದ ಮೇಲೆ ಸವಿತಾ ಬಾಗಿಲ ಹಿಂದಿನಿಂದ ಪೊರಕೆ ತೆಗೆದುಕೊಂಡಳು. ಬೆಂಚುಗಳ ಅಡಿಯಲ್ಲಿ ಪೆನ್ಸಿಲ್ ಹೆರೆದ ಸಿಪ್ಪೆ, ರಬ್ಬರಿನ ಬೂದು ಪುಡಿ, ಯಾರೋ ಅರ್ಧ ತಿಂದು ಬಿಟ್ಟ ಚಿಕ್ಕಿ. ಕಿಟಕಿಯಿಂದ ಹಿಡಿದು ಬಾಗಿಲವರೆಗೆ ಗುಡಿಸಿದಳು. ಚಿತ್ರದ ಹಲಗೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಗೋಡೆಗೆ ಒರಗಿಸಿದಳು. ಡ್ರಾಯಿಂಗ್ ಕ್ಲಾಸಿನ ಡೊಮಿನಿಕ್ ಸರ್ ಕಿಟಕಿಯ ಬಳಿ ಕೂತು ಮಕ್ಕಳ ಹಾಳೆಗಳಿಗೆ ಸಹಿ ಹಾಕುತ್ತಿದ್ದರು. ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯ ಬಸ್ಸುಗಳ ಸದ್ದು ಮಾತ್ರ ಕೆಳಗಿನಿಂದ ಬರುತ್ತಿತ್ತು.

ಕೊನೆಯ ಬೆಂಚಿನ ಮೇಲೆ ಬಿಳಿ ಹಾಳೆ ಹಾಸಿ ಒಂದು ಕೋಳಿಮೊಟ್ಟೆ ಇಟ್ಟಿದ್ದರು. ಆ ದಿನದ ಪಾಠ ಅದು. ಬೆಂಚನ್ನು ಒರೆಸಬೇಕಾದರೆ ಮೊಟ್ಟೆಯನ್ನು ಎತ್ತಬೇಕು. ಸವಿತಾ ಎತ್ತಲಿಲ್ಲ. ಸುತ್ತಲೂ ಒರೆಸಿ ಅದರ ಮುಂದೆ ನಿಂತಳು.

"ಸರ್," ಎಂದಳು ಕೊನೆಗೆ. "ನಾನೂ ಒಂದು ಬರೀಲಾ?"

ಮಳೆಗಾಲ ಶುರುವಾದಾಗಿನಿಂದ ಈ ಮಾತನ್ನು ಅವಳು ಬಾಯೊಳಗೆ ಇಟ್ಟುಕೊಂಡೇ ನೆಲ ಗುಡಿಸಿದ್ದಳು.

ಡೊಮಿನಿಕ್ ಸರ್ ಕನ್ನಡಕದ ಮೇಲಿಂದ ನೋಡಿದರು. "ಬರಿ ಮಾರಾಯ್ತಿ. ಅದಕ್ಕೆ ಅಷ್ಟು ಹೆದರುವುದು ಎಂತಕ್ಕೆ? ಮೊಟ್ಟೆ ಕಚ್ಚುವುದಿಲ್ಲ."

ಸವಿತಾಳಿಗೆ ಹತ್ತೊಂಬತ್ತು ವರ್ಷ. ಕೊಪ್ಪಳದ ಕಡೆಯ ಹಳ್ಳಿಯಿಂದ ಅಪ್ಪ ಮಲಕಪ್ಪ, ಅವ್ವ ಹುಲಿಗೆವ್ವ ಮಣಿಪಾಲಕ್ಕೆ ದುಡಿಯಲು ಬಂದಾಗ ಅವಳು ಅವ್ವನ ಸೊಂಟದ ಮೇಲಿದ್ದವಳು. ಆರು ತಿಂಗಳು ಇಲ್ಲಿ, ಆರು ತಿಂಗಳು ಊರಲ್ಲಿ ಎಂದು ಶಾಲೆಯೂ ಅರ್ಧ ಇಲ್ಲಿ, ಅರ್ಧ ಅಲ್ಲಿ ಆಯಿತು. ಇಲ್ಲಿ ಬಾಯಿ ತೆರೆದರೆ ಅವಳ ಮಾತಿಗೆ ಮಕ್ಕಳು ನಗುತ್ತಿದ್ದರು. ಅಲ್ಲಿಗೆ ಹೋದರೆ ಇಲ್ಲಿಂದ ಹತ್ತಿಸಿಕೊಂಡ ಮಾತಿಗೆ ನಗುತ್ತಿದ್ದರು. ಏಳನೆಯ ಕ್ಲಾಸಿನ ನಡುವೆ ಒಂದು ದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಮಾತು ಕಡಿಮೆಯಾದಷ್ಟೂ ನೋಡುವುದು ಹೆಚ್ಚಾಯಿತು. ವಾರವೆಲ್ಲ ಅವ್ವನ ಜೊತೆ ಒಂದು ಅಪಾರ್ಟ್‌ಮೆಂಟಿನ ಮೆಟ್ಟಿಲು ಒರೆಸುವುದು, ಭಾನುವಾರ ಈ ಕ್ಲಾಸು ಗುಡಿಸುವುದು ಅವಳ ಕೆಲಸ.

ಅಪ್ಪ ಈಗ ಇಲ್ಲ. ಶಿವರಾತ್ರಿ ಕಳೆದ ವಾರದಲ್ಲಿ ಗೋಡೆಗೆ ಸಿಮೆಂಟಿನ ಗಿಲಾವು ಮಾಡುತ್ತಿದ್ದ ಕಟ್ಟಡದಲ್ಲಿ, ನಿಲ್ಲಲು ಕಟ್ಟಿದ್ದ ಸಾರುವೆಯಿಂದ ಬಿದ್ದ. ಅವನ ಫೋನು ಜೇಬಿನಲ್ಲೇ ಪುಡಿಯಾಯಿತು. ಅದರಲ್ಲಿ ಬೇಕಾದಷ್ಟು ಫೋಟೊ ಇದ್ದವು, ಆದರೆ ತೆಗೆಯುವವನು ಸದಾ ಅವನೇ ಆಗಿದ್ದರಿಂದ ಅವುಗಳಲ್ಲಿ ಅವನಿದ್ದನೋ ಇಲ್ಲವೋ. ಉಳಿದದ್ದು ಆಧಾರ್ ಕಾರ್ಡಿನ ಚಿತ್ರ ಒಂದೇ. ಉಡುಪಿಯ ಒಂದು ಸ್ಟುಡಿಯೊಕ್ಕೆ ಅದನ್ನೇ ಒಯ್ದು ದೊಡ್ಡದು ಮಾಡಿಕೊಡಲು ಕೇಳಿದಾಗ ಅಲ್ಲಿಯವನು ಕಂಪ್ಯೂಟರಿನಲ್ಲಿ ಅಪ್ಪನ ಕುತ್ತಿಗೆಯ ಕೆಳಗೆ ಒಂದು ನೀಲಿ ಕೋಟು, ಟೈ ಅಂಟಿಸಿ ತೋರಿಸಿದ. "ಎಲ್ಲರೂ ಹೀಗೆಯೇ ಮಾಡಿಸುವುದು ಅಮ್ಮ, ಚೆಂದ ಕಾಣ್ತದೆ."

ಹುಲಿಗೆವ್ವ ಪರದೆಯನ್ನು ಬಹಳ ಹೊತ್ತು ನೋಡಿದ್ದಳು. "ಯಾರವ್ವ ಈ ಸಾಹೇಬ?" ಎಂದು ಮಗಳನ್ನು ಕೇಳಿ, ಕಾರ್ಡು ಇಸಿದುಕೊಂಡು ಎದ್ದು ಬಂದಿದ್ದಳು.

ಹೀಗಾಗಿ ಅವರ ತಗಡಿನ ಶೆಡ್ಡಿನ ಗೋಡೆಯ ಮೇಲೆ ಅಪ್ಪನಿರಲಿಲ್ಲ. ಮಹಾನವಮಿ ಅಮಾವಾಸ್ಯೆ ಬರುತ್ತಿತ್ತು. ಆ ದಿನ ಊರ ಕಡೆ ಮನೆಯ ಹಿರಿಯರ ಮುಂದೆ ಹೊಸ ಬಟ್ಟೆ ಮಡಿಸಿಟ್ಟು, ಅವರು ಉಣ್ಣುತ್ತಿದ್ದದ್ದನ್ನೆಲ್ಲ ಮಾಡಿ ಎಡೆ ಹಿಡಿಯುತ್ತಾರೆ. ಅಪ್ಪ ಹಿರಿಯನಾದ ಮೊದಲ ವರ್ಷ ಇದು. "ಯಾರ ಮುಂದ ಎಡಿ ಇಡಲಿ? ಬರೇ ಗ್ವಾಡಿ ಮುಂದ?" ಎಂದು ಅವ್ವ ಒಮ್ಮೆ ರೊಟ್ಟಿ ಬಡಿಯುತ್ತ ಹೇಳಿದ್ದಳು. ಹೇಳಿದ್ದು ಅಷ್ಟೇ. ಆದರೆ ಸವಿತಾಳಿಗೆ ಆ ಮಾತು ಹೋದಲ್ಲೆಲ್ಲ ಬೆನ್ನು ಹತ್ತಿತ್ತು. ಮೊಟ್ಟೆಯ ಮುಂದೆ ಅವಳು ನಿಂತದ್ದು ಮೊಟ್ಟೆಗಾಗಿ ಅಲ್ಲ.

ಮುಂದಿನ ಭಾನುವಾರದಿಂದ ಡೊಮಿನಿಕ್ ಸರ್ ಅವಳನ್ನು ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆಯೇ ಕೂರಿಸಿದರು. ಪಕ್ಕದಲ್ಲಿ ತನ್ವಿ ಎಂಬ ನಾಲ್ಕನೆಯ ಕ್ಲಾಸಿನ ಹುಡುಗಿ. ಸವಿತಾ ಮೊಟ್ಟೆಗೆ ಮೊದಲು ಸುತ್ತ ಗೆರೆ ಎಳೆದು, ಒಳಗೆ ತಿಳಿಯಾಗಿ ಪೆನ್ಸಿಲ್ ಸವರಿದಳು.

ತನ್ವಿ ಬಗ್ಗಿ ನೋಡಿದಳು. "ಅಕ್ಕಾ, ನಿಮ್ಮದು ಇಡ್ಲಿ ಆಗಿದೆ."

"ನಿಂದು ಎಂತ ಆಗಿದೆ ನೋಡುವ," ಎಂದರು ಸರ್ ಹಿಂದಿನಿಂದ. "ಬಟಾಟೆ. ಇಡ್ಲಿಯವರಿಗೆ ಬಟಾಟೆಯವರು ಬುದ್ಧಿ ಹೇಳುವುದು ಬೇಡ." ಕ್ಲಾಸೆಲ್ಲ ನಕ್ಕಿತು. ಸವಿತಾಳಿಗೂ ನಗು ಬಂತು. ತನ್ನ ಮಾತಿಗಲ್ಲದೆ ಬೇರೆ ಯಾವುದಕ್ಕೋ ಜನ ನಗುವುದು ಅವಳಿಗೆ ಹೊಸದು.

ಸರ್ ಅವಳ ಪಕ್ಕ ಕೂತರು. "ಮೊಟ್ಟೆಗೆ ಸುತ್ತ ಗೆರೆ ಎಲ್ಲಿ ಉಂಟು? ನೋಡು. ಕಣ್ಣು ಕಿರಿದು ಮಾಡು. ಹಾಂ. ಈಗ ಎಂತ ಕಾಣ್ತದೆ?"

ಕಣ್ಣು ಕಿರಿದು ಮಾಡಿದಾಗ ಮೊಟ್ಟೆ ಹೋಗಿ ಬೆಳಕು ಉಳಿಯಿತು. ಕಿಟಕಿಯ ಕಡೆ ಹಾಲಿನಂಥ ಬಿಳಿ. ಅದು ಮೆಲ್ಲಗೆ ಬೂದಾಗುತ್ತ ಹೊರಳಿ, ಒಂದು ಕಡೆ ಗಟ್ಟಿಯಾಗಿ ಕಪ್ಪಾಗಿ, ಆ ಕಪ್ಪಿನ ಆಚೆ ತೀರ ಅಂಚಿನಲ್ಲಿ ಮತ್ತೆ ಚೂರು ತಿಳಿಯಾಗಿತ್ತು.

"ಅಂಚಿನಲ್ಲಿ... ಕತ್ತಲಾಗಬೇಕಿತ್ತಲ್ಲ ಸರ್? ತಿಳಿ ಐತಿ."

"ಕಂಡಿತಾ ನಿನಗೆ?" ಸರ್ ಖುಷಿಯಾದರು. "ಅದು ಹಾಳೆಗೆ ಬಡಿದು ತಿರುಗಿ ಬಂದ ಬೆಳಕು. ಅದನ್ನು ನೋಡಲಿಕ್ಕೆ ಕೆಲವರಿಗೆ ವರ್ಷ ಬೇಕಾಗ್ತದೆ. ಆದರೆ ಕಪ್ಪು ಹಾಕಲಿಕ್ಕೆ ನಿನಗೆ ಧೈರ್ಯ ಇಲ್ಲ. ಪೆನ್ಸಿಲ್ ಹಾಳೆಗೆ ತಾಗಿದರೆ ನೋಯ್ತದೆ ಅಂತ ಮಾಡಿದ್ದೀಯಾ? ಒತ್ತು. ಕಪ್ಪು ಹಾಕದೆ ಬೆಳಕು ಬರುವುದಿಲ್ಲ."

ಅವಳಿಗೆ ಅಪ್ಪನ ಬಲ್ಬು ನೆನಪಾಯಿತು. ಗಿಲಾವು ಮುಗಿದ ಗೋಡೆಯನ್ನು ನೋಡಲು ಅವನು ಉದ್ದ ವೈರಿನ ತುದಿಗೆ ಬಲ್ಬು ಸಿಕ್ಕಿಸಿ, ಅದನ್ನು ಗೋಡೆಗೆ ತಾಗಿಸಿದಂತೆ ಅಡ್ಡ ಹಿಡಿಯುತ್ತಿದ್ದ. ಎದುರಿಗೆ ಹಿಡಿದಾಗ ನುಣ್ಣಗೆ ಕಂಡ ಗೋಡೆಯ ಮೇಲೆ ಥಟ್ಟನೆ ಉಬ್ಬು ತಗ್ಗುಗಳೆಲ್ಲ ಎದ್ದು ನಿಲ್ಲುತ್ತಿದ್ದವು. "ಎದುರಿಂದ ನೇರ ಬೆಳಕ ಬಿಟ್ರ ಗ್ವಾಡಿ ಸುಳ್ಳ ಹೇಳ್ತೈತಿ ಸವೀ," ಎನ್ನುತ್ತಿದ್ದ. ಊಟದ ಡಬ್ಬಿ ಕೊಡಲು ಹೋದಾಗ ಅವಳು ಎಷ್ಟೋ ಸಲ ಆ ಬಲ್ಬು ಹಿಡಿದು ನಿಂತಿದ್ದಳು.

ಅವಳು ಪೆನ್ಸಿಲ್ ಒತ್ತಿದಳು.

ಆಮೇಲಿನ ಭಾನುವಾರಗಳಲ್ಲಿ ಮೊಟ್ಟೆ ಹೋಗಿ ಲೋಟ ಬಂತು, ಲೋಟ ಹೋಗಿ ಮಡಿಸಿದ ಟವೆಲು ಬಂತು. ಬೆರಳಿನಿಂದ ತಿಕ್ಕಿ ನುಣುಪು ಮಾಡಲು ಹೋಗಿ ಎಲ್ಲ ಹೊಗೆ ಹಿಡಿದಂತಾಯಿತು, ಸರ್ ಬೈದರು. ನೆರಳನ್ನು ಒಂದು ಕಡೆಗೂ ನೆಲದ ಮೇಲಿನ ನೆರಳನ್ನು ಇನ್ನೊಂದು ಕಡೆಗೂ ಹಾಕಿ, "ನಿನ್ನ ಲೋಟಕ್ಕೆ ಎರಡು ಸೂರ್ಯ ಉಂಟಾ?" ಎಂದು ಕೇಳಿಸಿಕೊಂಡಳು. ಶೆಡ್ಡಿನಲ್ಲಿ ಈರುಳ್ಳಿ ಬರೆದಳು, ಅವ್ವನ ಕಾಲಿನ ಹಿಮ್ಮಡಿ ಬರೆದಳು. ಕರೆಂಟು ಬಿಲ್ಲಿನ ಹಿಂದೆ, ಕ್ಯಾಲೆಂಡರಿನ ಹಿಂದೆ ಬರೆದಳು. ಮಕ್ಕಳನ್ನು ಕರೆದೊಯ್ಯಲು ಬಂದ ಒಬ್ಬ ತಾಯಿ, ಸರ್ ಬರೆದಿಟ್ಟಿದ್ದ ಒಂದು ಮುಖದ ಚಿತ್ರ ನೋಡಿ, "ಮೂಗಿನ ಪಕ್ಕ ಮಸಿ ಎಂತಕ್ಕೆ ಸರ್?" ಎಂದು ಕೇಳಿದಾಗ, ಸವಿತಾ ತನ್ನಷ್ಟಕ್ಕೆ ತಾನೇ ಸಣ್ಣಗೆ ನಕ್ಕಳು. ಅದು ನೆರಳು ಎಂದು ಗೊತ್ತಾಗದವರೂ ಇದ್ದಾರಲ್ಲ ಎನಿಸಿತು.

ಒಂದು ದಿನ ಆಧಾರ್ ಕಾರ್ಡನ್ನು ಸರ್ ಮುಂದೆ ಇಟ್ಟಳು. ಅವರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ತಂದೆಯವರಾ?"

ತಲೆಯಾಡಿಸಿದಳು.

"ಇದರಲ್ಲಿ ಮೂಗು ಎಲ್ಲುಂಟು ಹೇಳು. ಎದುರಿನಿಂದ ಲೈಟು ಹೊಡೆದು ಎಲ್ಲ ಚಪ್ಪಟೆ ಮಾಡಿ ಇಟ್ಟಿದ್ದಾರೆ. ಇಲ್ಲದ ನೆರಳನ್ನು ನೀನು ಎಲ್ಲಿಂದ ತರ್ತಿ?" ಕಾರ್ಡನ್ನು ಅವಳ ಕೈಗೆ ಮರಳಿಸಿ, ದನಿ ತಗ್ಗಿಸಿ ಕೇಳಿದರು, "ಅವರ ಹಾಗೆ ಮುಖ ಇರುವವರು ಮನೆಯಲ್ಲಿ ಯಾರಾದರೂ ಇದ್ದಾರಾ?"

ಇದ್ದ. ಅಪ್ಪನ ತಮ್ಮ, ಕಾಕಾ ಮಲ್ಲಿನಾಥ. ಕಾರ್ಕಳದಲ್ಲಿ ಒಂದು ಮನೆಯ ಕೆಲಸ ಹಿಡಿದು ಅಲ್ಲೇ ಉಳಿದಿದ್ದವನು, ರಜೆಯಿದ್ದಾಗ ಹಿರಿಯಡ್ಕದ ಮೇಲೆ ಬರುವ ಬಸ್ಸು ಹತ್ತಿ ಅತ್ತಿಗೆಯನ್ನು, ಅಣ್ಣನ ಮಗಳನ್ನು ನೋಡಲು ಬರುತ್ತಿದ್ದ. ಗದ್ದ ಅಪ್ಪನಿಗಿಂತ ಅಗಲ, ಹುಬ್ಬು ದಪ್ಪ. ಆದರೆ ಮೂಗಿನ ಗೆಣ್ಣು, ಕೆನ್ನೆಯ ಎಲುಬು ಒಂದೇ ಅಚ್ಚು.

ಅವ್ವ ಅಂಗಡಿಗೆ ಹೋದ ಹೊತ್ತಿಗೆ ಸವಿತಾ ಅವನನ್ನು ಬಾಗಿಲ ಪಕ್ಕ ಡಬ್ಬದ ಮೇಲೆ ಕೂರಿಸಿದಳು. ಶೆಡ್ಡಿಗೆ ಬೆಳಕು ಬರುವುದು ಆ ಬಾಗಿಲಿನಿಂದ ಮಾತ್ರ. ಅದು ಅವನ ಬಲಗಡೆ ಬಿತ್ತು.

"ನನ್ನ ಮಾರಿ ತಗೊಂಡು ನಿಮ್ಮಪ್ಪಗ ಕೊಡಾಕಿ? ಆಮ್ಯಾಲೆ ನನಗ ವಾಪಸ್ ಕೊಡ್ತೀಯಿಲ್ಲ?"

"ಅಲ್ಲಾಡಬ್ಯಾಡ ಕಾಕಾ."

"ಬೀಡಿ?"

"ಬ್ಯಾಡ."

"ಕಾರ್ಕಳದ ಗೊಮ್ಮಟನ ಹಂಗ ಕುಂದ್ರು ಅಂತೀ. ಅವಗೇನು, ಸೊಳ್ಳಿ ಕಡಿಯಾಂಗಿಲ್ಲ."

ಅವ್ವನಿಗೆ ಹೇಳಬಾರದೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದಳು. ಅವನು ಬಂದಾಗಲೆಲ್ಲ ಹೀಗೆ ಕೂರಿಸಿ, ಹೋದ ಮೇಲೆ ನೆನಪಿನಿಂದ ತಿದ್ದಿದಳು. ಗದ್ದ ಕಿರಿದು ಮಾಡಿದಳು. ಹುಬ್ಬು ತೆಳ್ಳಗೆ ಮಾಡಿ, ಅಪ್ಪನ ಬಲಹುಬ್ಬಿನ ನಡುವೆ ಕೂದಲಿಲ್ಲದ ಒಂದು ಸಣ್ಣ ಜಾಗ ಬಿಟ್ಟಳು. ಯಾರೋ ಕೂಗಿದಾಗ ತಿರುಗುವ ಮುಂಚೆ ಅವನ ತುಟಿಯ ತುದಿ ಚೂರು ಮೇಲೇರುತ್ತಿತ್ತು. ಅದಕ್ಕಾಗಿ ಒಂದು ಇಡೀ ವಾರ ಹೋಯಿತು. ಎಡಗೆನ್ನೆಯ ನೆರಳಿಗೆ ಎಲ್ಲಕ್ಕಿಂತ ಕಪ್ಪಾದ ಪೆನ್ಸಿಲನ್ನು ಸರ್ ಹತ್ತಿರ ಇಸಿದುಕೊಂಡು ತಂದಳು. ಹೆದರದೆ ಒತ್ತಿದಳು. ಕಣ್ಣಿನ ಗುಣಿ, ಕೆನ್ನೆ, ಗದ್ದದ ಕೆಳಗಿನವರೆಗೂ ಕಪ್ಪು ಇಳಿದು ಬಂತು. ಆಗ ಮೂಗು ಎದ್ದು ನಿಂತಿತು. ಮೂಗಿನ ಹಿಂದೆಯೇ ಅಪ್ಪ ಬಂದ.

ಪೆನ್ಸಿಲ್ ಕೆಳಗಿಟ್ಟು ಹೊರಗೆ ಹೋಗಿ ನೀರು ಕುಡಿದು ಬಂದಳು. ಅವನು ಅಲ್ಲೇ ಇದ್ದ.

ಕಾಕಾಗೆ ತೋರಿಸಿದಳು. ಏನೋ ತಮಾಷೆ ಮಾಡಲು ಬಾಯಿ ತೆರೆದವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಅಣ್ಣನ ಅದಾನ," ಎಂದ. ಮತ್ತೆ ನೋಡಿದ. "ಈ ಕಡಿ ಇಷ್ಟ ಕಪ್ಪ ಬ್ಯಾಡವ್ವ. ಒಂಚೂರು ತಿಳಿ ಮಾಡು."

"ನೆರಳು ಕಾಕಾ ಅದು. ತೆಗದ್ರ ಮೂಗು ಕುಂದ್ರಾಂಗಿಲ್ಲ."

"ಹಂಗಾದ್ರ ಬೆಳಕ ಆ ಕಡಿಂದ ಬಂದಂಗ ಮಾಡು."

"ಬಾಗಿಲಾ ಇರೋದು ಈ ಕಡಿ ಅಲ್ಲೇನು? ಎಲ್ಲಾ ಮತ್ತ ಮೊದಲಿಂದ ಬರೀಬೇಕು."

ಮಲ್ಲಿನಾಥ ಹಾಳೆಯಿಂದ ಕಣ್ಣು ತೆಗೆದ. "ನಿಮ್ಮವ್ವಗ ತೋರ್ಸೋದು ಬ್ಯಾಡ ಈಗ," ಎಂದಷ್ಟೇ ಹೇಳಿ, ಚಹಾ ಕುಡಿಯದೆ ಬಸ್ಸಿಗೆ ಹೊತ್ತಾಯಿತೆಂದು ಹೊರಟ. ಕಾಕಾನೂ ಕ್ಲಾಸಿಗೆ ಬಂದ ಆ ಮಗುವಿನ ತಾಯಿಯ ಹಾಗೆ, ನೆರಳನ್ನು ಮಸಿ ಅಂದುಕೊಳ್ಳುವವನು ಎಂದು ಸವಿತಾ ಎಣಿಸಿದಳು. ತನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ ಎಂದು ಮನಸ್ಸಿನಲ್ಲಿ ಒಂದಿಷ್ಟು ಹೆಮ್ಮೆಯೂ ಬಂತು.

ಡೊಮಿನಿಕ್ ಸರ್ ಕಾಪುವಿನ ತಮ್ಮ ಮನೆಯಿಂದ ಒಂದು ಹಳೆಯ ಫ್ರೇಮು ತಂದು, ಒಳಗಿದ್ದ ಯಾವುದೋ ಸರ್ಟಿಫಿಕೇಟು ತೆಗೆದು, ಗಾಜು ಒರೆಸಿ, ತಾವೇ ಚಿತ್ರವನ್ನು ಕೂರಿಸಿದರು. ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಹೋಗು, ತಾಯಿಗೆ ತೋರಿಸು," ಎಂದರು.

ಅಮಾವಾಸ್ಯೆಯ ದಿನ ಹುಲಿಗೆವ್ವ ನಸುಕಿಗೇ ಎದ್ದು ಶೆಡ್ಡು ಸಾರಿಸಿದಳು. ಹೋಳಿಗೆ, ಅನ್ನ, ಕಟ್ಟಿನ ಸಾರು, ಬದನೆಕಾಯಿ ಪಲ್ಯ. ಮಲ್ಲಿನಾಥ ಕಾರ್ಕಳದಿಂದ ಬರುವಾಗ ಬಾಳೆ ಎಲೆ, ಹೂವು ತಂದಿದ್ದ. ಮೂಲೆಯಲ್ಲಿ ಮಣೆ ಹಾಕಿ, ಅದರ ಮೇಲೆ ಹೊಸ ಅಂಗಿ, ಪಂಚೆ ಮಡಿಸಿಟ್ಟು, ಪಕ್ಕಕ್ಕೆ ಒಂದು ಬೀಡಿ ಕಟ್ಟನ್ನೂ ಇಟ್ಟಳು. ಹಿಂದೆ ಬರಿಯ ತಗಡು.

ಸವಿತಾ ಟ್ರಂಕಿನಿಂದ ಫ್ರೇಮು ತೆಗೆದು, ಬಟ್ಟೆ ಬಿಚ್ಚಿ, ಅವ್ವನ ಕೈಗೆ ಕೊಟ್ಟಳು. ಮಲ್ಲಿನಾಥ ಬಾಗಿಲಲ್ಲಿ ನಿಂತಿದ್ದವನು ತಲೆ ತಗ್ಗಿಸಿದ.

ಹುಲಿಗೆವ್ವ ಮೊದಲು ನಕ್ಕಳು. ಶಿವರಾತ್ರಿಯಿಂದೀಚೆಗೆ ಆ ಮುಖದ ಮೇಲೆ ಸವಿತಾ ಕಾಣದಿದ್ದ ನಗು. "ಬಂದೀಯೇನ," ಎಂದಳು, ಮಗಳಿಗಲ್ಲ. ಹುಬ್ಬಿನ ಮೇಲೆ ಬೆರಳಿಟ್ಟಳು. ತುಟಿಯ ಮೇಲೆ ಇಟ್ಟಳು. ಬೆರಳು ಕಪ್ಪಿನ ಕಡೆಗೆ ಹೋಯಿತು, ಅಲ್ಲೇ ನಿಂತಿತು.

ಸೆರಗಿನಿಂದ ಗಾಜನ್ನು ಒರೆಸಿದಳು. ಎಡಗೆನ್ನೆಯ ಮೇಲೆ. ಮತ್ತೆ ಒರೆಸಿದಳು. ಸೆರಗಿನ ತುದಿಯನ್ನು ತಂಬಿಗೆಯ ನೀರಿಗೆ ಅದ್ದಿ, ಮಗುವಿನ ಮುಖ ತೊಳೆಯುವ ಹಾಗೆ, ಮೆತ್ತಗೆ, ಸುತ್ತು ಸುತ್ತು ಒರೆಸಿದಳು.

"ಅವ್ವಾ, ಅದು ಗಾಜಿನ ಒಳಗೈತಿ. ನೆರಳು ಅದು."

ಹುಲಿಗೆವ್ವ ಕೈ ನಿಲ್ಲಿಸಿದಳು.

"ನೀ ಯಾವಾಗ ನೋಡಿದಿ?"

"ಏನ?"

"ಈ ಕಡಿ ಮಾರಿ. ನೀ ಯಾವಾಗ ನೋಡಿದಿ ಇದನ್ನ?"

ಸವಿತಾ ಕಾಕಾನ ಕಡೆ ನೋಡಿದಳು. ಅವನು ಅತ್ತ ತಿರುಗಿದ್ದ.

"ಈ ಕಡಿ ಮ್ಯಾಲೇ ಬಿದ್ದಿದ್ದ ಅವ, ಹಿಂಗ ಕರ್ರಗಾಗಿತ್ತು," ಎಂದಳು ಹುಲಿಗೆವ್ವ. ದನಿ ಏರಲಿಲ್ಲ. "ಆಸ್ಪತ್ರ್ಯಾಗ ನಾನು, ಮಲ್ಲಿನಾಥ ಇಬ್ಬರ ನೋಡಿದ್ದು. ನಿನಗ ತೋರಿಸಬಾರದಂತ ಊರು ಮುಟ್ಟೂತನ ಸೆರಗ ಹಾಕಿ ಕುಂತೆ. ಊರಾಗೂ ಯಾರನ್ನೂ ಆ ಕಡಿ ಬಿಡಲಿಲ್ಲ. ನನ್ನ ಕೂಸು ನೋಡಬಾರದಂತ. ನೀ ಹೆಂಗ ಬರದಿ ಇದನ್ನ? ಯಾರ ಹೇಳಿದ್ರು ನಿನಗ?"

ಯಾರೂ ಹೇಳಿರಲಿಲ್ಲ. ಹೆಣವನ್ನು ಊರಿಗೆ ಒಯ್ದ ಆಂಬುಲೆನ್ಸಿನಲ್ಲಿ ಹಗಲಿಡೀ ಅವ್ವ ಅಪ್ಪನ ಎಡಕ್ಕೆ ಬಗ್ಗಿ ಕೂತಿದ್ದಳು, ಸೆರಗನ್ನು ಅವನ ಅರ್ಧ ಮುಖದ ಮೇಲೆ ಹಿಡಿದಿದ್ದಳು. ಕಿಟಕಿಯ ಬಿಸಿಲು ಬೀಳದಿರಲಿ ಎಂದು ಹಿಡಿದಿದ್ದಾಳೆ ಅಂತಲೇ ಸವಿತಾ ತಿಳಿದಿದ್ದಳು. ಸತ್ತವನಿಗೆ ಬಿಸಿಲೇನು ಎಂದು ಆಗ ಹೊಳೆದಿರಲಿಲ್ಲ.

"ಅದು ಬಾಗಿಲ ಬೆಳಕು ಅವ್ವಾ. ಕಾಕಾನ್ನ ಕುಂದ್ರಿಸಿ ಬರದೆ. ಬೆಳಕು ಈ ಕಡಿಂದ ಬಂತು, ಅದಕ ಆ ಕಡಿ..." ಎಷ್ಟು ಸಲ ಕಲಿತ ಪಾಠ ಅದು. ಅವ್ವನ ಮುಂದೆ ಅದರಲ್ಲಿ ಒಂದು ಮಾತೂ ನಿಲ್ಲಲಿಲ್ಲ.

"ನಾ ಹೇಳಿದ್ನಲ್ಲವ್ವ ನಿನಗ, ತಿಳಿ ಮಾಡು ಅಂತ," ಎಂದ ಮಲ್ಲಿನಾಥ, ಗೋಡೆಗೆ ಹೇಳುವವನ ಹಾಗೆ.

"ಮಲ್ಲಿನಾಥಾ, ಅಕಿಗೇನೂ ಅನಬ್ಯಾಡ," ಎಂದಳು ಹುಲಿಗೆವ್ವ. ಫ್ರೇಮನ್ನು ಮೊಗಚಿ ಟ್ರಂಕಿನ ಮೇಲೆ ಇಟ್ಟಳು. ಹೊಸ ಅಂಗಿಯ ಮುಂದೆ ಎಲೆ ಹಾಸಿ ಎಡೆ ಬಡಿಸಿದಳು. ಕರ್ಪೂರ ಹಚ್ಚಿದಳು. ಬರಿಯ ತಗಡಿನ ಮುಂದೆ ಮೂವರೂ ಕೈಮುಗಿದರು. ಮಲ್ಲಿನಾಥ ಅರ್ಧ ಹೋಳಿಗೆ ತಿಂದು, ಉಳಿದದ್ದನ್ನು ಕಟ್ಟಿಸಿಕೊಂಡು ಹೊರಟ. ಹೋಗುವಾಗ ಸವಿತಾಳ ತಲೆಯ ಮೇಲೆ ಒಮ್ಮೆ ಕೈಯಿಟ್ಟ.

ಮಧ್ಯಾಹ್ನದ ಬೆಳಕು ಬಾಗಿಲಿಂದ ಒಳಗೆ ಬಂದಿತ್ತು. ಸವಿತಾ ಫ್ರೇಮಿನ ಹಿಂದಿನ ಮೊಳೆ ಬಿಚ್ಚಿ ಹಾಳೆ ಹೊರಗೆ ತೆಗೆದಳು. ರಬ್ಬರ್ ಹಿಡಿದು ಎಡಗೆನ್ನೆಯನ್ನು ಅಳಿಸತೊಡಗಿದಳು. ಅಷ್ಟು ಒತ್ತಿ ಬರೆದದ್ದು ಸುಲಭಕ್ಕೆ ಹೋಗಲಿಲ್ಲ. ಹಾಳೆಯ ಮೈ ಎದ್ದು ಜುಂಗುಜುಂಗಾಯಿತು. ಕೊನೆಗೆ ಅಲ್ಲಿ ಕಪ್ಪೂ ಇಲ್ಲ, ಕೆನ್ನೆಯೂ ಇಲ್ಲ, ಕೊಳೆಯಾದ ಬೂದು ಮಾತ್ರ. ಅರ್ಧ ಮುಖದ ಅಪ್ಪ, ತುಟಿಯ ಒಂದು ತುದಿಯಿಂದ ಇನ್ನೂ ನಗಲು ಹೊರಟಿದ್ದ.

ಆ ಕಡೆಯನ್ನು ಹೊಸದಾಗಿ ಬರೆಯಬೇಕು, ಬೆಳಕಿನಲ್ಲಿ. ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದಳು. ಊಟಕ್ಕೆ ಅವನು ಸದಾ ಅವಳ ಎಡಕ್ಕೆ ಕೂರುತ್ತಿದ್ದ, ಕಾಣುತ್ತಿದ್ದದ್ದು ಬಲಗೆನ್ನೆ. ಕೆಲಸದಲ್ಲಿ ಬಲ್ಬು ಹಿಡಿದು ನಿಂತಾಗ ಕಂಡದ್ದೂ ಅದೇ. ಆಧಾರ್ ಕಾರ್ಡಿನಲ್ಲಿ ಆ ಕಡೆ ಬರಿಯ ಚಪ್ಪಟೆ ಬಿಳಿ. ಎಡಗಡೆ ಮಚ್ಚೆ ಇತ್ತೇ? ಗದ್ದದ ಹತ್ತಿರ ಒಂದು ಗೆರೆ ಇತ್ತಲ್ಲ, ಅದು ಯಾವ ಕಡೆ? ಇಷ್ಟು ವರ್ಷ ಎಲ್ಲವನ್ನೂ ನೋಡುತ್ತ ಕೂತವಳು ಇದನ್ನು ನೋಡಿರಲಿಲ್ಲ. ಮಲಗುವಾಗ ಅವನ ಎಡಕ್ಕೆ ಮಲಗುತ್ತಿದ್ದವಳು ಅವ್ವ.

ಹುಲಿಗೆವ್ವ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತು, ಮಗಳಿಗೆ ಬೆನ್ನು ಮಾಡಿ, ಹೋಳಿಗೆಯ ಹಂಚು ತಿಕ್ಕುತ್ತಿದ್ದಳು. ಸವಿತಾ ಹಾಳೆ ಹಿಡಿದು ಅವಳ ಹಿಂದೆ ಹೋಗಿ ನಿಂತಳು.

"ಅವ್ವಾ."

ಹಂಚಿನ ಸದ್ದು ನಿಲ್ಲಲಿಲ್ಲ.

"ಅವ್ವಾ, ಬೀಳೂ ಮೊದಲು ಆ ಕಡಿ ಮಾರಿ ಹೆಂಗಿತ್ತು, ನನಗ ಒಂಚೂರು ಹೇಳು."